ಬಲವಿದ್ದವನೇ ಕೇಸು ಗೆಲ್ಲುತ್ತಿದ್ದನೇ?

ಓದುಗರ ಪ್ರಶ್ನೆ: ಮಧ್ಯಯುಗದ ಯುರೋಪಿನಲ್ಲಿ ಇಬ್ಬರ ನಡುವೆ ವ್ಯಾಜ್ಯ ಬಂದರೆ ನ್ಯಾಯಾಧೀಶರು ಕತ್ತಿ ಕೊಟ್ಟು ಹೊಡೆದಾಡಲು ಬಿಡುತ್ತಿದ್ದರಂತೆ, ಗೆದ್ದವನದೇ ನ್ಯಾಯವಂತೆ. ನಿಜವೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಅದು ಮತ್ತೆ ಬರುತ್ತಲೇ ಇರುತ್ತದೆ. ಗೆದ್ದವನ ಪರವಾಗಿಯೇ ತೀರ್ಪಾಗುತ್ತಿತ್ತು ಎಂಬಷ್ಟು ನಿಜ. ಸತ್ಯವಂತನಿಗೆ ದೇವರು ಜಯ ಕೊಡುತ್ತಾನೆ ಎಂಬ ನಂಬಿಕೆ ಅದರ ಹಿಂದಿತ್ತು. ಆದರೆ ‘ಜಗಳವಾದರೆ ಸಾಕು, ಕತ್ತಿ ಹಿಡಿ’ ಎಂಬ ಮಾತು ಶುದ್ಧ ತಪ್ಪು. ಅದನ್ನು ಈ ಸಲ ಬುಡಸಮೇತ ಕೀಳೋಣ.

ದ್ವಂದ್ವಯುದ್ಧಕ್ಕೆ ಅಪ್ಪಣೆ ಸಿಗುತ್ತಿದ್ದದ್ದು ಬೇರೆ ದಾರಿಗಳೆಲ್ಲ ಮುಚ್ಚಿದ ಮೇಲೆ. ಇಂಗ್ಲೆಂಡಿನಲ್ಲಿ ಕದ್ದ ಮಾಲಿನ ಸಮೇತ ಸಿಕ್ಕಿಬಿದ್ದವನಿಗೆ ಕಾದಾಡುವ ಹಕ್ಕೇ ಇರಲಿಲ್ಲ. ಫ್ರಾನ್ಸಿನ ದೊರೆ ನಾಲ್ಕನೇ ಫಿಲಿಪ್ 1306ರಲ್ಲಿ ಹಾಕಿದ ಷರತ್ತುಗಳನ್ನು ನೋಡಿ: ಅಪರಾಧ ಮರಣದಂಡನೆಗೆ ತಕ್ಕಷ್ಟು ದೊಡ್ಡದಾಗಿರಬೇಕು, ಅದು ನಡೆದದ್ದು ಖಚಿತವಿರಬೇಕು, ಬೇರೆ ಯಾವ ಪುರಾವೆಯಿಂದಲೂ ಸಾಬೀತುಮಾಡಲು ಆಗದಂತಿರಬೇಕು, ಆರೋಪಿಯ ಮೇಲೆ ಬಲವಾದ ಶಂಕೆಯಿರಬೇಕು. ನಾಲ್ಕೂ ಕೂಡಿಬಂದರೆ ಮಾತ್ರ ಕಣ.

1386ರ ಪ್ರಸಿದ್ಧ ಪ್ರಕರಣವನ್ನೇ ತೆಗೆದುಕೊಳ್ಳಿ. ಜಾಕ್ ಲ ಗ್ರಿ ತನ್ನ ಮೇಲೆ ಅತ್ಯಾಚಾರ ಮಾಡಿದನೆಂದು ಮಾರ್ಗರೆಟ್ ಹೇಳಿದಳು, ಅವಳ ಗಂಡ ಜಾನ್ ದ ಕರೂಜ್ ದೂರು ಕೊಟ್ಟ. ಪ್ಯಾರಿಸ್ಸಿನ ಉಚ್ಚ ನ್ಯಾಯಾಲಯ ಎರಡೂ ಕಡೆಯ ಹೇಳಿಕೆ ಪಡೆದು, ತಿಂಗಳುಗಟ್ಟಲೆ ವಿಚಾರಣೆ ನಡೆಸಿ, ಸತ್ಯ ಬಗೆಹರಿಯದ ಮೇಲಷ್ಟೇ ಕಾಳಗಕ್ಕೆ ಒಪ್ಪಿತು. ಗಂಡ ಸೋತರೆ ಸುಳ್ಳು ಪ್ರಮಾಣ ಮಾಡಿದವಳೆಂದು ಮಾರ್ಗರೆಟ್‌ಳನ್ನು ಸುಡಬೇಕಿತ್ತು. ಡಿಸೆಂಬರ್ 29ರಂದು ದೊರೆ ಆರನೇ ಚಾರ್ಲ್ಸ್‌ನ ಎದುರು ಲ ಗ್ರಿ ಸತ್ತ, ಅವಳು ಉಳಿದಳು. ಆ ನ್ಯಾಯಾಲಯ ಮತ್ತೆಂದೂ ಇಂಥದ್ದಕ್ಕೆ ಅನುಮತಿ ಕೊಡಲಿಲ್ಲ.

ಇಂಗ್ಲೆಂಡಿನಲ್ಲಿ ಹೆಂಗಸರು, ಅರವತ್ತು ದಾಟಿದವರು, ಅಂಗವಿಕಲರು, ಪಾದ್ರಿಗಳು ಕಾದಾಡಬೇಕಿರಲಿಲ್ಲ. ಕತ್ತಿಯೂ ಎಲ್ಲರ ಕೈಗೆ ಬರುತ್ತಿರಲಿಲ್ಲ. ಸಾಮಾನ್ಯರಿಗೆ ದೊಣ್ಣೆ, ಗುರಾಣಿ. ಜಮೀನಿನ ವ್ಯಾಜ್ಯದಲ್ಲಿ ಎರಡನೇ ಹೆನ್ರಿಯ ಕಾಲದಿಂದ ಪ್ರತಿವಾದಿ ಕಾಳಗ ಬೇಡವೆಂದು ಹನ್ನೆರಡು ನೈಟ್‌ಗಳ ತೀರ್ಮಾನ ಕೇಳಬಹುದಿತ್ತು. ಎಷ್ಟೋ ವ್ಯಾಜ್ಯಗಳು ಕಣಕ್ಕಿಳಿಯುವ ಮೊದಲೇ ರಾಜಿಯಾದವು.

ಆ ಕಾಲದವರಿಗೆ ಇದರ ಕುಂದು ಕಾಣುತ್ತಿರಲಿಲ್ಲ ಎಂದುಕೊಳ್ಳಬೇಡಿ. ಲೊಂಬಾರ್ಡರ ದೊರೆ ಲಿಯುಟ್‌ಪ್ರಾಂಡ್ 731ರಲ್ಲೇ ಕಾನೂನಿನೊಳಗೆ ಬರೆಸಿದ: ಕಾಳಗದಲ್ಲಿ ಅನ್ಯಾಯವಾಗಿ ಸೋತವರ ಸುದ್ದಿ ಕೇಳಿದ್ದೇವೆ, ಇದು ದೇವರ ತೀರ್ಪೇ ಎಂಬುದು ನಮಗೆ ಖಾತ್ರಿಯಿಲ್ಲ, ಆದರೆ ನಮ್ಮ ಜನರ ರೂಢಿಯಾದ್ದರಿಂದ ನಿಲ್ಲಿಸಲಾರೆವು. ಒಬ್ಬ ದೊರೆ ತನ್ನದೇ ಕಾನೂನಿನ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ್ದನ್ನು ಓದಿದಾಗಲೆಲ್ಲ ನನಗೆ ಅವನ ಮೇಲೆ ಗೌರವ ಹೆಚ್ಚುತ್ತದೆ.

ಹಾಗಾದರೆ ಇಂಥ ಪದ್ಧತಿಯಾದರೂ ಏಕೆ ಬೇಕಾಯಿತು? ಸುಳ್ಳು ಪ್ರಮಾಣದ ಕಾಟಕ್ಕೆ. ಆರನೇ ಶತಮಾನದ ಆರಂಭದಲ್ಲಿ ಬರ್ಗಂಡಿಯರ ದೊರೆ ಗುಂಡೊಬಾದ್ ಕೊಟ್ಟ ಕಾರಣವೇ ಅದು: ಜನ ತಮಗೆ ಗೊತ್ತಿಲ್ಲದ ಸಂಗತಿಗೂ ಆಣೆಯಿಡುತ್ತಾರೆ, ಗೊತ್ತಿದ್ದೂ ಸುಳ್ಳು ಹೇಳುತ್ತಾರೆ. ಆಣೆಯಿಟ್ಟವನು ಅದಕ್ಕಾಗಿ ಕಾದಾಡಲೂ ಸಿದ್ಧನಿರಲಿ ಎಂಬುದು ಅವನ ವಾದ.

ಯಾರೂ ಕೇಳದಿದ್ದರೂ ಇಲ್ಲಿ ಬಾಡಿಗೆ ಕಾದಾಳುಗಳ ವಿಷಯ ಹೇಳಲೇಬೇಕು. ಇಂಗ್ಲೆಂಡಿನ ಜಮೀನು ವ್ಯಾಜ್ಯದಲ್ಲಿ ವಾದಿ ತಾನೇ ಕಾದುವಂತಿರಲಿಲ್ಲ, ಅವನ ಪರವಾಗಿ ಒಬ್ಬ ಸಾಕ್ಷಿ ಕಾದಬೇಕಿತ್ತು. ಆ ಜಮೀನು ವಾದಿಯ ಹಿರಿಯರ ವಶದಲ್ಲಿದ್ದದ್ದನ್ನು ತಾನು ಕಂಡಿದ್ದೇನೆ, ಇಲ್ಲವೇ ಕಂಡಿದ್ದ ತನ್ನ ತಂದೆ ಸಾಯುವಾಗ ತನಗೆ ಹೇಳಿಹೋಗಿದ್ದಾನೆ ಎಂದು ಅವನು ಆಣೆಯಿಡಬೇಕಿತ್ತು. ನಡೆದದ್ದೇ ಬೇರೆ. ದುಡ್ಡು ಕೊಟ್ಟು ಕರೆತಂದ ಜಟ್ಟಿಗಳು, ಆ ಜಮೀನಿನ ಗಂಧಗಾಳಿ ಇಲ್ಲದವರು, ಅದೇ ಆಣೆಯನ್ನು ಒಪ್ಪಿಸಿ ಕಣಕ್ಕಿಳಿದರು. ಮುಂದೆ ಸಂತನೆನಿಸಿಕೊಂಡ ಹೆರೆಫರ್ಡ್‌ನ ಬಿಷಪ್ ಥಾಮಸ್ ಕ್ಯಾಂಟಿಲೂಪ್ ಕೂಡ ವರ್ಷಕ್ಕೆ 6 ಶಿಲ್ಲಿಂಗ್ 8 ಪೆನ್ಸ್ ಕೊಟ್ಟು ಒಬ್ಬ ಕಾದಾಳುವನ್ನು ಇಟ್ಟುಕೊಂಡಿದ್ದ. ಸುಳ್ಳು ಆಣೆ ತಡೆಯಲು ಹುಟ್ಟಿದ ಪದ್ಧತಿಯೇ ಸುಳ್ಳು ಆಣೆಯ ಕಸುಬಾಯಿತು. ಕೊನೆಗೆ 1275ರಲ್ಲಿ ಒಂದನೇ ಎಡ್ವರ್ಡ್‌ನ ಕಾನೂನು, ಇಂಥವರು ಸುಳ್ಳು ಪ್ರಮಾಣ ಮಾಡದಿರುವುದೇ ಅಪರೂಪ ಎಂದು ಒಪ್ಪಿಕೊಂಡು, ವಾದಿಯ ಕಾದಾಳು ಆ ಆಣೆಯಿಡಬೇಕಿಲ್ಲವೆಂದು ಬಿಟ್ಟುಕೊಟ್ಟಿತು. ಕಾಳಗವನ್ನು ಮಾತ್ರ ಉಳಿಸಿಕೊಂಡಿತು.