ಉಚಿತ ವೇದಿಕೆಯ ತಿಂಗಳ ಬಿಲ್ಲು ಕಟ್ಟುವವರು ಯಾರು?

ಹೊಸದಾಗಿ ಕೋಡಿಂಗ್ ಕಲಿಯುವವರಿಗಾಗಿ ಟೂಲ್ ಕಟ್ಟುವ ತಂಡಗಳು ಹಣದ ಲೆಕ್ಕವನ್ನು ಸಾಮಾನ್ಯವಾಗಿ ಒಂದೇ ಹಾಳೆಯಲ್ಲಿ ಬರೆಯುತ್ತವೆ. ಎಡಿಟರ್ (ಕೋಡ್ ಬರೆಯುವ ಪುಟ) ಕಟ್ಟುವವರ ಸಂಬಳ, ಸರ್ವರ್ ಬಾಡಿಗೆ, ಕಲಿಯುವವರು ಬಂದು ಪ್ರಶ್ನೆ ಕೇಳುವ ಆನ್‌ಲೈನ್ ಸಮುದಾಯದ ಖರ್ಚು, ಎಲ್ಲ ಒಟ್ಟಿಗೆ. ತೊಂದರೆ ಅಲ್ಲಿಂದಲೇ ಶುರು. ಟೂಲಿನ ಕೆಲಸವನ್ನು ನಿಲ್ಲಿಸಬಹುದು; ಹಣ ಮುಗಿದರೆ ಮುಂದಿನ ಆವೃತ್ತಿ ತಡವಾಗುತ್ತದೆ, ಅಷ್ಟೆ. ಸಮುದಾಯದ ಖರ್ಚು ಹಾಗೆ ಕಾಯುವುದಿಲ್ಲ. ಅರವಟ್ಟಿಗೆಗೆ ಚಪ್ಪರ ಹಾಕಿಸುವುದು ಒಮ್ಮೆ, ಮಡಕೆಗೆ ನೀರು ತುಂಬುವುದು ದಿನಾ. ಹಾಗಾಗಿ ಖಾತೆ ಎರಡಿರಲಿ: ಗ್ರಾಂಟಿನ ದೊಡ್ಡ ಮೊತ್ತ ಟೂಲಿಗೆ, ಮತ್ತೆ ಮತ್ತೆ ಬರುವ ಸಣ್ಣ ಹಣ ಸಮುದಾಯಕ್ಕೆ. ಒಂದರ ಹಣದಲ್ಲಿ ಇನ್ನೊಂದರ ಸಾಲ ತೀರಿಸಬಾರದು.

ಎಡಿನ್‌ಬರೋದ ಲೈವ್‌ಕೋಡ್ ಕಂಪನಿಯ ಕತೆ ನೋಡಿ. ಇಂಗ್ಲಿಷ್ ವಾಕ್ಯದಂತೆಯೇ ಓದಿಸಿಕೊಳ್ಳುವ ಕೋಡ್ ಬರೆಯಲು ಬಿಡುವ ಟೂಲ್ ಅದು. 2013ರಲ್ಲಿ ಜನರಿಂದ ಹಣ ಕೂಡಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ ಮೂರೂವರೆ ಲಕ್ಷ ಪೌಂಡ್‌ಗಳ ಗುರಿಯನ್ನು ದಾಟಿ ಹಣ ಎತ್ತಿ, ಉಚಿತ ಮುಕ್ತ ಆವೃತ್ತಿಯನ್ನು ತಂದರು. 2021ರ ಆಗಸ್ಟ್‌ನಲ್ಲಿ ಆ ಸಮುದಾಯ ಆವೃತ್ತಿಯನ್ನೇ ನಿಲ್ಲಿಸಿದರು. ಒಮ್ಮೆ ಎತ್ತಿದ ಹಣದಿಂದ ಕೋಡ್ ಬರೆಸಬಹುದು, ಎಂಟು ವರ್ಷ ಅದನ್ನು ಸಾಕುವುದಕ್ಕೆ ಬೇರೆಯೇ ಆದಾಯ ಬೇಕು.

ಹೊಸಬರ ಟೂಲಿಗೆ ಇನ್ನೊಂದು ವಿಚಿತ್ರ ಗುಣವಿದೆ. ಟೂಲ್ ಚೆನ್ನಾಗಿದ್ದಷ್ಟೂ ಬಳಕೆದಾರ ಬೇಗ ಬಿಟ್ಟುಹೋಗುತ್ತಾನೆ. ಆರು ತಿಂಗಳಲ್ಲಿ ಲೂಪು, ಫಂಕ್ಷನ್ನು ಕಲಿತವರು ದೊಡ್ಡ ಎಡಿಟರ್‌ಗೆ ಹೋಗುವುದೇ ಸರಿ. ಅಂದರೆ ಇಲ್ಲಿರುವವರಿಗೆ ಕೊಡಲು ಹಣವಿಲ್ಲ, ಕೊಡಬಲ್ಲವರಾಗುವ ಹೊತ್ತಿಗೆ ಅವರು ಇಲ್ಲಿಲ್ಲ. 'ಬಳಕೆದಾರರಲ್ಲಿ ನೂರಕ್ಕೆ ಇಷ್ಟು ಜನ ಹಣ ಕಟ್ಟುತ್ತಾರೆ' ಎಂಬ ಸ್ಟಾರ್ಟಪ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕಟ್ಟುವವರು ಬೇರೆಯವರೇ: ಮೇಷ್ಟ್ರು, ಶಾಲೆ, ಕಲಿತು ಹೋದ ಹಳಬರು, ಕೋಡ್ ಓಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು ಕೊಳ್ಳುವವರು.

ಹಣ ಎತ್ತುವ ಮೊದಲು ಖರ್ಚು ಇಳಿಸಬೇಕು. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ತೀರ್ಮಾನ ಒಂದೇ: ಕಲಿಯುವವರ ಕೋಡ್ ಎಲ್ಲಿ ಓಡಬೇಕು? ನಿಮ್ಮ ಸರ್ವರಿನಲ್ಲಿ ಓಡಿಸಿದರೆ ಪ್ರತಿ ಹೊಸ ವಿದ್ಯಾರ್ಥಿಗೂ ಸಿಪಿಯು ಬಾಡಿಗೆ ಏರುತ್ತದೆ. ಜೊತೆಗೆ ಉಚಿತ ಸಿಪಿಯು ಸಿಗುತ್ತದೆ ಎಂದು ಗೊತ್ತಾದ ಕೂಡಲೇ ಕ್ರಿಪ್ಟೋ ಗಣಿಗಾರರೂ ಪಾಸ್‌ವರ್ಡ್ ಕದಿಯುವ ಫಿಶಿಂಗ್ ಪುಟ ಹಾಕುವವರೂ ಸಾಲುಗಟ್ಟುತ್ತಾರೆ. ಆಪ್‌ಗಳನ್ನು ಓಡಿಸಿಕೊಡುವ ಹೆರೋಕು ಕಂಪನಿ 2022ರ ನವೆಂಬರ್ 28ಕ್ಕೆ ಉಚಿತ ಸೇವೆ ನಿಲ್ಲಿಸಿದಾಗ ವಂಚನೆ ಮತ್ತು ದುರ್ಬಳಕೆಯನ್ನೇ ಕಾರಣವಾಗಿ ಹೇಳಿತು. ಹೊಸಬರ ಅಚ್ಚುಮೆಚ್ಚಿನ ತಾಣ ಗ್ಲಿಚ್ 2025ರ ಜುಲೈನಲ್ಲಿ ಆಪ್ ಹೋಸ್ಟಿಂಗ್ ಮುಚ್ಚಿತು. ದೊಡ್ಡ ಕಂಪನಿಗಳಿಗೇ ತಡೆಯಲಾಗದ್ದನ್ನು ಮೂವರ ತಂಡ ತಡೆಯುತ್ತದೆ ಎಂದು ನಂಬಬೇಡಿ.

ಕೋಡನ್ನು ಬ್ರೌಸರ್‌ನಲ್ಲೇ ಓಡಿಸಿ. ಬ್ಲಾಕ್ ಜೋಡಿಸುವ ಟೂಲಿಗೆ ಬ್ಲಾಕ್ಲಿ ಇದೆ, ಚಿತ್ರ ಬರೆಯುವ ಕೋಡಿಗೆ ಪಿ5 ಇದೆ, ಪೈಥಾನಿಗೆ ಪೈಯೊಡೈಡ್ ಇದೆ. ಪೈಯೊಡೈಡ್ ಎಂದರೆ ಪೈಥಾನ್ ಕೋಡನ್ನು ಓದಿ ಓಡಿಸುವ ಇಂಟರ್‌ಪ್ರಿಟರನ್ನೇ ಬ್ರೌಸರ್ ಓಡಿಸಬಲ್ಲ ವೆಬ್‌ಅಸೆಂಬ್ಲಿಗೆ ಕಂಪೈಲ್ ಮಾಡಿದ್ದು. ಆಗ ನಿಮ್ಮ ಪಾಲಿಗೆ ಉಳಿಯುವುದು ಕಡತ ಹಂಚುವ ಖರ್ಚು ಮಾತ್ರ, ಅದನ್ನೂ ಉಚಿತ ಸಿಡಿಎನ್ (ಕಡತ ಹಂಚುವ ಸರ್ವರ್‌ಗಳ ಜಾಲ) ಹೊತ್ತುಕೊಳ್ಳುತ್ತದೆ. ಬೆಲೆ ತೆರುವವರು ಕಲಿಯುವವರು: ಮೊದಲ ಸಲ ತೆರೆದಾಗ ಹತ್ತು ಎಂಬಿ ಆಸುಪಾಸು ಇಳಿಯುತ್ತದೆ. ದಿನಕ್ಕೊಂದು ಜಿಬಿ ಪ್ಯಾಕ್ ಹಾಕಿಸಿಕೊಂಡು ಅಪ್ಪನ ಫೋನಿನಲ್ಲಿ ಕಲಿಯುವ ಹುಡುಗಿಗೆ ಪ್ರತಿ ಸಲವೂ ಹತ್ತು ಎಂಬಿ ಇಳಿಸಬಾರದು. ಸರ್ವೀಸ್ ವರ್ಕರ್ (ಬ್ರೌಸರ್‌ನ ಹಿನ್ನೆಲೆಯಲ್ಲಿ ಓಡುವ ಸಣ್ಣ ಕೋಡ್) ಹಾಕಿ, ಇಳಿದದ್ದು ಫೋನಿನಲ್ಲೇ ಉಳಿಯುವಂತೆ ಕ್ಯಾಶ್ ಮಾಡಿಸಿ, ಎರಡನೇ ಸಲ ನೆಟ್ ಇಲ್ಲದೆಯೂ ತೆರೆದುಕೊಳ್ಳಲಿ.

ಇದರಲ್ಲಿ ಕೈಕೊಡುವ ಜಾಗಗಳು ಗೊತ್ತಿರಬೇಕು. ಹೊಸಬರು ಮೊದಲ ವಾರವೇ ಕೊನೆಯಿಲ್ಲದ ವೈಲ್ ಲೂಪ್ ಬರೆಯುತ್ತಾರೆ. ಇಂಟರ್‌ಪ್ರಿಟರ್ ಪುಟವನ್ನೇ ನಡೆಸುವ ಮುಖ್ಯ ಥ್ರೆಡ್‌ನಲ್ಲಿದ್ದರೆ ಟ್ಯಾಬ್ ಪೂರ್ತಿ ಹೆಪ್ಪುಗಟ್ಟಿ, ಬರೆದದ್ದೂ ಹೋಗುತ್ತದೆ. ಆದ್ದರಿಂದ ಪುಟದಿಂದ ಬೇರೆಯಾಗಿ ಹಿನ್ನೆಲೆಯಲ್ಲಿ ಓಡುವ ವೆಬ್ ವರ್ಕರ್‌ನಲ್ಲಿ ಓಡಿಸಿ, 'ನಿಲ್ಲಿಸು' ಗುಂಡಿ ಒತ್ತಿದರೆ ವರ್ಕರನ್ನೇ ಕೊಂದು ಹೊಸದನ್ನು ಎಬ್ಬಿಸಿ, ಔಟ್‌ಪುಟ್ಟನ್ನು ಹತ್ತು ಸಾವಿರ ಅಕ್ಷರಕ್ಕೆ ಕತ್ತರಿಸಿ. ವರ್ಕರಿಗೆ ಹೋದೊಡನೆ, ಬಳಸುವವರಿಂದ ಉತ್ತರ ಪಡೆಯುವ ಇನ್‌ಪುಟ್ ಫಂಕ್ಷನ್ ಕೆಲಸ ಮಾಡುವುದಿಲ್ಲ, ಯಾಕೆಂದರೆ ಉತ್ತರ ಬರುವ ತನಕ ಅದು ಕಾದು ಕೂರಬೇಕು. ಕಾಯಿಸುವ ಸಾಮಾನ್ಯ ದಾರಿ ಶೇರ್ಡ್ ಅರೇ ಬಫರ್ (ಪುಟವೂ ವರ್ಕರೂ ಹಂಚಿಕೊಳ್ಳುವ ಮೆಮೊರಿ), ಅದಕ್ಕೆ ಪುಟ ಕಳಿಸುವ ಸರ್ವರ್ ಜೊತೆಗೆ ಎರಡು ವಿಶೇಷ ಹೆಡರ್, ಅಂದರೆ ಬ್ರೌಸರ್‌ಗೆ ಸೂಚನೆ, ಕಳಿಸಬೇಕು. ಪುಟಗಳನ್ನು ಉಚಿತವಾಗಿ ಇಡಲು ಬಿಡುವ ಗಿಟ್‌ಹಬ್ ಪೇಜಸ್‌ನಲ್ಲಿ ಹೆಡರ್ ಹಾಕಲು ಬಿಡುವುದಿಲ್ಲ, ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ಬಿಡುತ್ತಾರೆ. ಹೆಡರ್ ಹಾಕಿದ ಮೇಲೆ ಪಾಠದ ಪುಟದಲ್ಲಿ ಕೂರಿಸಿದ್ದ ಯೂಟ್ಯೂಬ್ ವಿಡಿಯೋ ಮಾಯವಾಗುತ್ತದೆ, ಗಾಬರಿ ಬೀಳಬೇಡಿ. ಅದೇ ಹೆಡರಿನ ಪ್ರತಾಪ ಅದು. ಎಡಿಟರನ್ನು ಬೇರೆ ಪುಟಕ್ಕೆ ಸರಿಸಿದರೆ ಸರಿಹೋಗುತ್ತದೆ.

ಇನ್ನು ಸಮುದಾಯದ ಖರ್ಚು. ಡಿಸ್ಕೋರ್ಸ್‌ನಂಥ ಮುಕ್ತ ಚರ್ಚಾವೇದಿಕೆ ತಂತ್ರಾಂಶ ಒಂದು ಜಿಬಿ ರ‍್ಯಾಮ್‌ನಲ್ಲೂ ಓಡುತ್ತದೆ, ಎರಡು ಜಿಬಿ ಇದ್ದರೆ ನೆಮ್ಮದಿ. ಎಡವುವುದು ಮೇಲ್‌ನಲ್ಲಿ. ಬಾಡಿಗೆ ಸರ್ವರ್ ಕೊಡುವ ಬಹಳ ಕಂಪನಿಗಳು ಮೇಲ್ ಹೊರಹೋಗುವ 25ನೇ ಪೋರ್ಟನ್ನು ಮುಚ್ಚಿಟ್ಟಿರುತ್ತವೆ, ಹಾಗಾಗಿ ಖಾತೆ ತೆರೆದವರಿಗೆ ದೃಢೀಕರಣ ಮೇಲ್ ಹೋಗುವುದೇ ಇಲ್ಲ. ಅಮೆಜಾನಿನ ಎಸ್‌ಇಎಸ್ ಥರದ ಮೇಲ್ ಕಳಿಸಿಕೊಡುವ ಸೇವೆ ಹಿಡಿಯಿರಿ. ಸಾವಿರ ಮೇಲ್‌ಗೆ ಹತ್ತು ಸೆಂಟು, ತಿಂಗಳಿಗೆ ಇಪ್ಪತ್ತು ಸಾವಿರ ಮೇಲ್ ಹೋದರೂ ಎರಡು ಡಾಲರ್. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ದಾಖಲೆ (ಮೇಲ್ ನಿಮ್ಮದೇ ಎಂದು ತೋರಿಸಲು ಡೊಮೇನಿಗೆ ಹಾಕುವ ಗುರುತುಗಳು) ಸರಿಯಿರಲಿ. 2024ರ ಫೆಬ್ರವರಿಯಿಂದ ಜಿಮೇಲ್ ಬಿಗಿಯಾಗಿದೆ. 'ಸ್ಪ್ಯಾಮ್' ಎಂದು ಗುರುತಿಸುವವರ ಪ್ರಮಾಣ ನೂರಕ್ಕೆ 0.3 ಮುಟ್ಟಬಾರದು. ಬಿಟ್ಟುಹೋದ ಕಲಿಕೆದಾರರಿಗೆ ವಾರವಾರ ಸಾರಾಂಶದ ಮೇಲ್ ಕಳಿಸುತ್ತಾ ಕೂತರೆ ಆ ಗೆರೆ ದಾಟಲು ಹೆಚ್ಚು ದಿನ ಬೇಡ. ಆ ಸೌಲಭ್ಯವನ್ನು ನಿಲ್ಲಿಸಿಬಿಡಿ.

ದುಬಾರಿಯಾಗುವುದು ಕಾವಲು. ಮಕ್ಕಳು ಇರುವ ಕಡೆ ಯಾರಾದರೂ ದಿನಾ ಕಣ್ಣಿಟ್ಟಿರಲೇಬೇಕು, ಅದು ಸಂಬಳದ ಕೆಲಸ. ಎಂಐಟಿಯಲ್ಲಿ ಹುಟ್ಟಿ 2007ರಲ್ಲಿ ಹೊರಬಂದ ಸ್ಕ್ರ್ಯಾಚ್‌ನಲ್ಲಿ ಖಾಸಗಿ ಸಂದೇಶದ ಸೌಲಭ್ಯವೇ ಇಲ್ಲ. ಮಾತೆಲ್ಲ ಎಲ್ಲರ ಎದುರಿಗೇ. ಇದು ಸುರಕ್ಷತೆಯೂ ಹೌದು, ಉಳಿತಾಯವೂ ಹೌದು: ಕಾಣದ ಮೂಲೆ ಇಲ್ಲದಿದ್ದರೆ ಕಾಯುವವರು ಕಡಿಮೆ ಸಾಕು. ಹೊಸ ಖಾತೆಗಳಿಗೆ ಒಂದು ಬರಹಕ್ಕೆ ಎರಡೇ ಕೊಂಡಿ, ಒಂದೇ ಚಿತ್ರ ಎಂಬ ಮಿತಿ ಇಟ್ಟರೆ ಸ್ಪ್ಯಾಮ್ ಹಾಕುವವರಲ್ಲಿ ಬಹುಪಾಲು ಅಲ್ಲೇ ನಿಲ್ಲುತ್ತಾರೆ.

ಜಾಹೀರಾತು ಹಾಕಿ ಖರ್ಚು ತೂಗಿಸುತ್ತೇವೆ ಎನ್ನುವವರಿಗೆ ಒಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕು, ಅವರ ಜಾಡು ಹಿಡಿಯುವಂತಿಲ್ಲ, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ದಂಡ 200 ಕೋಟಿ ರೂಪಾಯಿವರೆಗೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತವೆ. ಕಲಿಕೆದಾರರಲ್ಲಿ ಅರ್ಧ ಜನ ಪಿಯುಸಿ ಒಳಗಿನವರಾದರೆ ಆ ದಾರಿ ಮುಚ್ಚಿದಂತೆಯೇ. ಖಾತೆ ತೆರೆಯದೆಯೇ ಎಡಿಟರ್ ಬಳಸಲು ಬಿಟ್ಟರೆ ಈ ಕಾಯ್ದೆಯ ಹೊರೆ ಬಹುಪಾಲು ಇಳಿಯುತ್ತದೆ.

ಮರುಕಳಿಸುವ ಹಣಕ್ಕೆ ಬಂದರೆ, ತಿಂಗಳಿಗೆ ಒಂದು ಡಾಲರ್ ಕೊಡಿ ಎಂದು ಕೇಳುವುದು ನಷ್ಟದ ಬಾಬತ್ತು. ಅಮೆರಿಕದ ಕಾರ್ಡಿಗೆ ಪಾವತಿ ಕಂಪನಿ ಸ್ಟ್ರೈಪ್ ಹಿಡಿಯುವುದು ನೂರಕ್ಕೆ 2.9, ಮೇಲೆ 30 ಸೆಂಟು. ಒಂದು ಡಾಲರಿನಲ್ಲಿ 33 ಸೆಂಟು ಅಲ್ಲೇ ಹೋಯಿತು. ವರ್ಷಕ್ಕೆ 12 ಡಾಲರಿನಲ್ಲಿ ಸುಮಾರು 3.95. ಅದೇ 12 ಡಾಲರನ್ನು ಒಮ್ಮೆಲೇ ಪಡೆದರೆ ಹೋಗುವುದು 65 ಸೆಂಟು. ಭಾರತದಲ್ಲಿ ಕಟಾವಿನ ಕಾಟ ಕಡಿಮೆ, ತೊಡಕು ಬೇರೆ. ಮತ್ತೆ ಮತ್ತೆ ತಾನಾಗಿ ಕಡಿತವಾಗುವ ಪಾವತಿಗೆ ರಿಸರ್ವ್ ಬ್ಯಾಂಕ್ ಮಾಡಿದ ಇ-ಮ್ಯಾಂಡೇಟ್ ನಿಯಮ 2021ರ ಅಕ್ಟೋಬರ್‌ನಲ್ಲಿ ಜಾರಿಯಾದಾಗ ವಿದೇಶಿ ತಾಣಗಳಿಗೆ ಇಲ್ಲಿನ ಕಾರ್ಡಿನಿಂದ ತಾನಾಗಿ ಹೋಗುತ್ತಿದ್ದ ಮಾಸಿಕ ಪಾವತಿಗಳು ಸಾಲಾಗಿ ನಿಂತವು. ಈಗ ಯುಪಿಐ ಆಟೋಪೇ ಸುಲಭದ ದಾರಿ, 15,000 ರೂಪಾಯಿವರೆಗೆ ಪ್ರತಿ ಸಲ ಪಿನ್ ಒತ್ತಬೇಕಿಲ್ಲ. ಆದರೆ ಹಣ ಕಡಿತವಾಗುವ 24 ಗಂಟೆ ಮೊದಲು ದಾನಿಗೆ ಸೂಚನೆ ಹೋಗುತ್ತದೆ. ತಿಂಗಳಿಗೆ 50 ರೂಪಾಯಿಯ ದಾನಿಗೆ ವರ್ಷಕ್ಕೆ ಹನ್ನೆರಡು ಸಲ 'ಇದು ಬೇಕಾ?' ಎಂದು ನಾವೇ ಕೇಳಿದ ಹಾಗೆ. ವರ್ಷಕ್ಕೆ 500 ಎಂದು ಒಮ್ಮೆ ಕೇಳಿ. ಕೇಳುವಾಗ ಮೊತ್ತದ ಪಕ್ಕದಲ್ಲೇ ಬಿಲ್ಲು ತೋರಿಸಿ: ಸರ್ವರಿಗೆ ಇಷ್ಟು, ಮೇಲ್‌ಗೆ ಇಷ್ಟು, ಕಾವಲಿಗೆ ಇಷ್ಟು. 'ನಮ್ಮನ್ನು ಬೆಂಬಲಿಸಿ' ಎಂಬ ಬೋಳು ಮನವಿಗಿಂತ ಇದಕ್ಕೆ ಜನ ಕೈಬಿಚ್ಚುತ್ತಾರೆ.

ಶಾಲೆಗಳು ದಾನ ಕೊಡುವುದಿಲ್ಲ, ಇನ್‌ವಾಯ್ಸ್ ಇದ್ದರೆ ಹಣ ಕೊಡುತ್ತವೆ. ಎಡಿಟರ್, ಪಾಠ, ಪ್ರಶ್ನೋತ್ತರ ಎಲ್ಲ ಉಚಿತವಾಗಿಯೇ ಇರಲಿ; ಮೇಷ್ಟ್ರಿಗೆ ತರಗತಿ ಪಟ್ಟಿ, ಯಾರು ಯಾವ ಅಭ್ಯಾಸದಲ್ಲಿ ನಿಂತರು ಎಂಬ ವರದಿ, ಅಚ್ಚು ಹಾಕಬಹುದಾದ ಹಾಳೆ, ಎರಡು ದಿನದ ತರಬೇತಿ, ಇವನ್ನು ಮಾರಿ. ಪ್ರಶ್ನೆಗೆ ಬೇಗ ಉತ್ತರ ಸಿಗುವುದನ್ನು ಮಾತ್ರ ಮಾರಬೇಡಿ. ಉತ್ತರ ಹೇಳುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು, ತಮ್ಮ ಪುಕ್ಕಟೆ ಕೆಲಸವನ್ನು ಯಾರೋ ಮಾರುತ್ತಿದ್ದಾರೆ ಎಂದು ಗೊತ್ತಾದ ದಿನ ಎದ್ದು ಹೋಗುತ್ತಾರೆ. ಜೂನ್‌ಗೆ ಶಾಲೆ ಶುರುವಾಗುವ ಕರ್ನಾಟಕದಲ್ಲಿ ಮೇ ಕೊನೆಗೆ ಕೊಟೇಶನ್ ಹಿಡಿದು ಹೋದರೆ ತಡವಾಯಿತು, ಫೆಬ್ರವರಿಯಲ್ಲೇ ಕೊಡಿ. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು.

ಗಟ್ಟಿಯಾಗಿ ನಿಂತಿರುವುದು ಹಾರ್ಡ್‌ವೇರ್ ಮಾರಿ ಕಲಿಕೆಗೆ ಹಣ ಒದಗಿಸುವ ಮಾದರಿ. ಬ್ರಿಟನ್ನಿನ ರಾಸ್ಪ್‌ಬೆರ್ರಿ ಪೈ ಫೌಂಡೇಶನ್ ಒಂದು ದತ್ತಿ ಸಂಸ್ಥೆ. 2012ರ ಫೆಬ್ರವರಿ 29ರಂದು 35 ಡಾಲರಿನ ಬೋರ್ಡು ಮಾರಾಟಕ್ಕೆ ಬಂತು, ಮಾರುವ ಕಂಪನಿಯ ಲಾಭ ಕಲಿಕೆಯ ಕೆಲಸಕ್ಕೆ ಹರಿಯಿತು, 2024ರ ಜೂನ್‌ನಲ್ಲಿ ಆ ಕಂಪನಿ ಲಂಡನ್ ಷೇರುಪೇಟೆಗೂ ಹೋಯಿತು. ನ್ಯೂಯಾರ್ಕಿನ ಏಡಾಫ್ರೂಟ್ ಬೋರ್ಡು ಮಾರಿದ ಹಣದಲ್ಲಿ, ಬೋರ್ಡುಗಳಿಗೆಂದೇ ಮಾಡಿದ ಪೈಥಾನ್ ಆದ ಸರ್ಕಿಟ್‌ಪೈಥಾನ್ ಬರೆಸುತ್ತದೆ, ಅದು ಬೇರೆ ಕಂಪನಿಗಳ ಬೋರ್ಡಿನಲ್ಲೂ ಓಡುತ್ತದೆ. ಇದನ್ನು ಸಣ್ಣ ತಂಡ ನಕಲು ಮಾಡುವ ಮುನ್ನ ದಾಸ್ತಾನಿನಲ್ಲಿ ಸಿಕ್ಕಿಬೀಳುವ ಬಂಡವಾಳದ ಲೆಕ್ಕ ಹಾಕಲಿ.

ಗ್ರಾಂಟ್ ವಿಷಯಕ್ಕೆ ಬೆಂಗಳೂರಿನ ಝೆರೋಧಾ 2024ರಲ್ಲಿ ಶುರುಮಾಡಿದ ಫ್ಲಾಸ್ ಫಂಡ್ ನೋಡಬಹುದು: ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್, ಒಂದು ಯೋಜನೆಗೆ 10,000ದಿಂದ 1,00,000 ಡಾಲರ್. ಅರ್ಜಿಯ ಬದಲು ಯೋಜನೆಯ ತಾಣದಲ್ಲಿ ಫಂಡಿಂಗ್ ಡಾಟ್ ಜೇಸನ್ ಎಂಬ ಕಡತ ಇಟ್ಟು, ಎಷ್ಟು ಬೇಕು, ಯಾತಕ್ಕೆ ಎಂದು ಅದರಲ್ಲಿ ಬರೆಯಬೇಕು. ಆಗಲೇ ಜನ ಬಳಸುತ್ತಿರುವ ಯೋಜನೆಗಳಿಗೆ ಅದು, ಕನಸಿನ ಹಂತದವಕ್ಕಲ್ಲ. ಇಂಥ ಹಣದಲ್ಲಿ ಕಾವಲುಗಾರರ ಸಂಬಳ ಕೊಡಲು ಶುರುಮಾಡಿದರೆ ಹದಿಮೂರನೇ ತಿಂಗಳು ಏನು ಎಂಬ ಪ್ರಶ್ನೆ ಏಳುತ್ತದೆ.

ಹಣ ಬಂದು ಬೀಳುವ ಖಾತೆ ಯಾರದು ಎಂಬುದೂ ಮುಖ್ಯ. ಒಬ್ಬರ ಸ್ವಂತ ಖಾತೆಗೆ ಬಂದು, ಬಂಧುಗಳಲ್ಲದವರ ಕೊಡುಗೆ ವರ್ಷಕ್ಕೆ 50,000 ದಾಟಿದರೆ ಅದು ತೆರಿಗೆ ಬೀಳುವ ಆದಾಯ. ಟ್ರಸ್ಟ್ ಅಥವಾ ಲಾಭಕ್ಕಲ್ಲದ ಸೆಕ್ಷನ್ 8 ಕಂಪನಿ ಮಾಡಿಕೊಂಡು ಅನುಮತಿ ಪಡೆದರೆ ದಾನಿಗೆ ತೆರಿಗೆ ರಿಯಾಯಿತಿಯ ರಶೀದಿ ಕೊಡಬಹುದು, ಆದರೆ ಹೊಸ ತೆರಿಗೆ ಪದ್ಧತಿಗೆ ಹೋದ ಸಂಬಳದಾರರಿಗೆ ಆ ರಶೀದಿಯಿಂದ ಲಾಭವಿಲ್ಲ. ಅದನ್ನೇ ನೆಚ್ಚಿಕೊಂಡು ದಾನಿಗಳ ಲೆಕ್ಕ ಹಾಕಬೇಡಿ. ಅಮೆರಿಕದ ಕನ್ನಡಿಗರು ಇಲ್ಲಿನ ಟ್ರಸ್ಟಿಗೆ ಕಳಿಸುತ್ತೇವೆ ಎಂದರೂ ವಿದೇಶಿ ಪೌರತ್ವ ಪಡೆದವರ ಹಣಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ಅದಕ್ಕೆ ಮೂರು ವರ್ಷದ ಇತಿಹಾಸ ಮತ್ತು ಆ ಅವಧಿಯಲ್ಲಿ 15 ಲಕ್ಷದ ಖರ್ಚು ತೋರಿಸಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಬ್ಯಾಂಕಿನ ಮೂಲಕ ಕಳಿಸಿದ ತಮ್ಮ ಉಳಿತಾಯಕ್ಕೆ ಈ ಕಟ್ಟು ಇಲ್ಲ, ಆದರೂ ಪಾಸ್‌ಪೋರ್ಟ್ ಪ್ರತಿ ಪಡೆದಿಟ್ಟುಕೊಳ್ಳಿ. ಬೇರೆಯವರ ಕೊಡೆಯ ಕೆಳಗೆ ಹಣ ಇಡುವವರಿಗೂ ಅಪಾಯವಿದೆ: ಅಮೆರಿಕದ ಓಪನ್ ಕಲೆಕ್ಟಿವ್ ಫೌಂಡೇಶನ್ 2024ರ ಫೆಬ್ರವರಿಯಲ್ಲಿ ಮುಚ್ಚುವ ನಿರ್ಧಾರ ಹೇಳಿದಾಗ ಅದರಡಿ ಇದ್ದ ನೂರಾರು ಗುಂಪುಗಳು ವರ್ಷದೊಳಗೆ ಬೇರೆ ನೆಲೆ ಹುಡುಕಬೇಕಾಯಿತು.

ಆರು ತಿಂಗಳ ಸಮುದಾಯ ಖರ್ಚನ್ನು ಮುಟ್ಟದೆ ಇಡಿ, ಅದರ ಜೊತೆಗೆ ಮುಚ್ಚುವ ಖರ್ಚನ್ನೂ ಇಡಿ. ಇದನ್ನು ಯಾರೂ ಬಜೆಟ್‌ನಲ್ಲಿ ಬರೆಯುವುದಿಲ್ಲ. ತಾಣವನ್ನು ನಿಲ್ಲಿಸುವ ದಿನ ಬಂದರೆ ಪ್ರತಿ ವಿದ್ಯಾರ್ಥಿಯೂ ತನ್ನ ಕೋಡನ್ನು ಜಿಪ್ ಕಡತವಾಗಿ ಇಳಿಸಿಕೊಳ್ಳುವ ಗುಂಡಿ ಬೇಕು, ಮೂರು ತಿಂಗಳ ಮುಂಚೆ ಸೂಚನೆ ಬೇಕು. ಹಳೆಯ ಪ್ರಶ್ನೋತ್ತರಗಳನ್ನೆಲ್ಲ ಸ್ಥಿರ ಎಚ್‌ಟಿಎಂಎಲ್ ಪುಟಗಳಾಗಿ ಮಾಡಿ ಉಚಿತ ಹೋಸ್ಟಿಂಗಿಗೆ ಹಾಕಿದರೆ ಸರ್ವರ್ ಬಾಡಿಗೆ ಸೊನ್ನೆ. ಡೊಮೇನ್ ಹೆಸರಿಗೆ ಮಾತ್ರ ಐದು ವರ್ಷದ ಹಣ ಮುಂಗಡ ಕಟ್ಟಿ. ಅದು ಕೈತಪ್ಪಿದರೆ ಜೂಜಿನ ತಾಣದವರು ಕಾದು ಕೊಳ್ಳುತ್ತಾರೆ, ಶಾಲೆಗಳು ಮಕ್ಕಳಿಗೆ ಅಚ್ಚು ಹಾಕಿ ಕೊಟ್ಟ ಹಾಳೆಗಳಲ್ಲಿರುವ ವಿಳಾಸ ನೇರ ಅಲ್ಲಿಗೆ ತೆರೆದುಕೊಳ್ಳುತ್ತದೆ.