ಎರಡನೇ ಲೋಟದ ಕಾಫಿ ಯಾರಿಗೆ? ಟ್ವಿಸ್ಟ್ ಬಂದಾಗ ತಲೆಯೊಳಗೆ ಏನಾಗುತ್ತದೆ

ಒಂದು ಪುಟ್ಟ ಕತೆಯಿಂದ ಶುರು ಮಾಡೋಣ. ಈ ಲೇಖನಕ್ಕೆಂದೇ ಕಟ್ಟಿದ ಕತೆ.

ಗಾಂಧಿಬಜಾರಿನ ಒಂದು ದರ್ಶಿನಿ. ದಿನಾ ಸಂಜೆ ಆರಕ್ಕೆ ರಾಯರು ಬರುತ್ತಾರೆ. ಬಿಳಿ ಪಂಚೆ, ಅರ್ಧ ತೋಳಿನ ಶರ್ಟು, ಕಾಲಿಗೆ ಬೂಟು. ಬೈಟು ಕಾಫಿ ತೆಗೆದುಕೊಂಡು, ಕಂಬದ ಪಕ್ಕದ ಟೇಬಲ್ಲಿನ ಹತ್ತಿರ ರಸ್ತೆಗೆ ಮುಖ ಮಾಡಿ ನಿಲ್ಲುತ್ತಾರೆ. ಒಂದು ಲೋಟವನ್ನು ನಿಧಾನಕ್ಕೆ ಕುಡಿಯುತ್ತಾರೆ. ಇನ್ನೊಂದನ್ನು ಮುಟ್ಟುವುದೇ ಇಲ್ಲ. ಅದು ಕೆನೆಗಟ್ಟಿ ತಣ್ಣಗಾಗುತ್ತದೆ. "ಪಾಪ, ಯಜಮಾನ್ರ ಹೆಂಡ್ತಿ ಹೋದ್ಮೇಲೆ ಹೀಗೇ" ಎನ್ನುತ್ತಾನೆ ಕ್ಯಾಶಿಯರ್. "ಮಂಗಳವಾರ ಮಾತ್ರ ಬರಲ್ಲ. ದೇವಸ್ಥಾನಕ್ಕೆ ಹೋಗ್ತಾರೆ ಅನ್ಸುತ್ತೆ."

ಈಗ ಈ ಕತೆಗೆ ಬೇರೆ ಬೇರೆ ಕೊನೆ ಬರೆಯಬಹುದು. ಇದೆಲ್ಲ ರಾಯರಿಗೆ ಬಿದ್ದ ಕನಸು ಅನ್ನಬಹುದು. ರಾಯರೇ ಸತ್ತು ಎಷ್ಟೋ ವರ್ಷವಾಗಿದೆ, ಅಲ್ಲಿ ನಿಲ್ಲುತ್ತಿದ್ದದ್ದು ದೆವ್ವ ಅನ್ನಬಹುದು. ಅಥವಾ ಹೀಗೆ: ಒಂದು ಸಂಜೆ ರಾಯರು ಅರ್ಧ ಲೋಟ ಕಾಫಿ ಅಲ್ಲೇ ಬಿಟ್ಟು, ಪಂಚೆ ಎತ್ತಿ ಕಟ್ಟಿ, ರಸ್ತೆ ದಾಟಿ ಓಡುತ್ತಾರೆ. ಎದುರಿನ ಗಿರವಿ ಅಂಗಡಿಯಿಂದ ಹೊರಬಂದವನ ಕೊರಳಪಟ್ಟಿ ಹಿಡಿಯುತ್ತಾರೆ. ಅವರು ಮಫ್ತಿಯಲ್ಲಿದ್ದ ಪೊಲೀಸ್. ಪಂಚೆಗೆ ಹೊಂದದ ಆ ಬೂಟು ಓಡುವುದಕ್ಕೆ. ಮಂಗಳವಾರ ಆ ಅಂಗಡಿಗೆ ರಜೆ. ಎರಡು ಲೋಟ ಇಟ್ಟುಕೊಂಡು ನಿಂತವರು ಯಾರಿಗೋ ಕಾಯುತ್ತಿದ್ದಾರೆ ಎಂದುಕೊಂಡು, ಜಾಗ ಬಿಡಿ ಎಂದು ಯಾರೂ ಕೇಳುವುದಿಲ್ಲ. ಅಷ್ಟರಲ್ಲಿ ಜೇಬಿನ ಫೋನು ರಿಂಗಾಗುತ್ತದೆ. "ಇವತ್ತೂ ಲೇಟಾ?" ಅಂತ ಮನೆಯಿಂದ ಹೆಂಡತಿ.

ಮೂರರಲ್ಲಿ ಯಾವುದು ನಿಮಗೆ ಹಿಡಿಸಿತು? ಬಹುಶಃ ಕೊನೆಯದು. ಕನಸಿನ ಟ್ವಿಸ್ಟೂ ಅಷ್ಟೇ ಅನಿರೀಕ್ಷಿತ, ದೆವ್ವದ ಟ್ವಿಸ್ಟಂತೂ ಇನ್ನೂ ಜಾಸ್ತಿ ಅನಿರೀಕ್ಷಿತ. ಆದರೂ ಅವೆರಡೂ ಸಿಟ್ಟು ತರಿಸುತ್ತವೆ. ಯಾಕೆ ಅನ್ನುವುದಕ್ಕೆ ಮನಶ್ಶಾಸ್ತ್ರದಲ್ಲಿ ತುಂಬ ಒಳ್ಳೆಯ ಉತ್ತರಗಳಿವೆ.

ಓದುವಾಗ ನಮ್ಮ ಮಿದುಳು ಮುಂದೇನು ಬರುತ್ತದೆ ಎಂದು ಊಹಿಸುತ್ತಲೇ ಇರುತ್ತದೆ. ಒಂದೊಂದು ಪದದ ಮಟ್ಟದಲ್ಲೂ ಇದು ಕಾಣುತ್ತದೆ. 1980ರಲ್ಲಿ ಮಾರ್ಟಾ ಕೂಟಾಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್, ಜನರ ತಲೆಗೆ ವಿದ್ಯುದ್ವಾರ ಅಂಟಿಸಿ ವಾಕ್ಯಗಳನ್ನು ಓದಿಸಿದರು. ಬಿಸಿ ಬ್ರೆಡ್ಡಿನ ಮೇಲೆ ಸಾಕ್ಸ್ ಸವರಿದ ಅನ್ನುವಂಥ ಅರ್ಥವಿಲ್ಲದ ಕೊನೆ ಬಂದಾಗ, ಆ ಪದ ಕಂಡ ಸುಮಾರು 400 ಮಿಲಿಸೆಕೆಂಡಿಗೆ ಮಿದುಳಿನ ವಿದ್ಯುತ್ ಅಲೆಯಲ್ಲಿ ಒಂದು ದೊಡ್ಡ ಏರಿಳಿತ ಕಂಡಿತು. ಅದಕ್ಕೇ ಅದರ ಹೆಸರು ಎನ್400. ಅರ್ಧ ಸೆಕೆಂಡು ಕೂಡ ಆಗಿರುವುದಿಲ್ಲ, ಏನೋ ಹೊಂದಲಿಲ್ಲ ಅನ್ನುವುದು ಗೊತ್ತಾಗಿಬಿಟ್ಟಿರುತ್ತದೆ. ಅಂದರೆ ಓದುಗರನ್ನು ಬೆಚ್ಚಿಬೀಳಿಸುವುದು ಕಷ್ಟದ ಕೆಲಸವೇ ಅಲ್ಲ. ಒಂದು ತಪ್ಪು ಪದ ಸಾಕು. ಕಷ್ಟ ಇರುವುದು ಅದರ ನಂತರ.

ಟ್ವಿಸ್ಟ್ ಬಂದ ಕ್ಷಣದಲ್ಲಿ ಓದುಗ ಅದುವರೆಗೆ ನಂಬಿದ್ದನ್ನು ಬಿಡಬೇಕು. ಅದು ಎಷ್ಟು ಕಷ್ಟ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಒಂದು ಪ್ರಯೋಗ ಇದೆ. 1994ರಲ್ಲಿ ಹಾಲಿನ್ ಜಾನ್ಸನ್ ಮತ್ತು ಕಾಲೀನ್ ಸೈಫರ್ಟ್ ಪ್ರಕಟಿಸಿದ್ದು. ಒಂದು ಗೋದಾಮಿಗೆ ಬೆಂಕಿ ಬಿದ್ದ ಸುದ್ದಿಯನ್ನು ತುಣುಕು ತುಣುಕಾಗಿ ಓದಲು ಕೊಟ್ಟರು. ಒಂದು ಕೋಣೆಯಲ್ಲಿ ಆಯಿಲ್ ಪೇಂಟ್ ಮತ್ತು ಗ್ಯಾಸ್ ಸಿಲಿಂಡರ್ ಇದ್ದವು ಎಂದು ಮೊದಲು ಹೇಳಿ, ಆಮೇಲೆ ಅದು ತಪ್ಪು, ಆ ಕೋಣೆ ಖಾಲಿ ಇತ್ತು ಎಂದು ತಿದ್ದಿದರು. ಓದಿದವರಿಗೆ ತಿದ್ದಿದ್ದು ನೆನಪಿತ್ತು. ಆದರೂ ಬೆಂಕಿಯ ಬಗ್ಗೆ ಪ್ರಶ್ನೆ ಕೇಳಿದಾಗ ಅನೇಕರು ಮತ್ತೆ ಆ ಪೇಂಟು, ಸಿಲಿಂಡರನ್ನೇ ಹಿಡಿದುಕೊಂಡು ಉತ್ತರಿಸಿದರು! ಬೆಂಕಿಗೆ ಬೇರೆ ಕಾರಣ ಕೊಟ್ಟಾಗ, ಅಂದರೆ ಯಾರೋ ಬೇಕೆಂದೇ ಹಚ್ಚಿದ ಸುಳಿವು ಸಿಕ್ಕಿತು ಎಂದಾಗ, ಹಳೆಯ ಕಾರಣದ ಹಿಡಿತ ಸಡಿಲವಾಯಿತು.

ಒಂದು ನಂಬಿಕೆಯನ್ನು ಸುಮ್ನೆ ಕಿತ್ತುಹಾಕಲು ಬರುವುದಿಲ್ಲ. ಅದು ನಿಂತಿದ್ದ ಜಾಗಕ್ಕೆ ಅಷ್ಟೇ ಗಟ್ಟಿಯಾದ ಇನ್ನೊಂದು ಬೇಕು. ಕನಸಿನ ಟ್ವಿಸ್ಟ್ ಸೋಲುವುದು ಇಲ್ಲೇ. ಕೋಣೆ ಖಾಲಿ ಇತ್ತು ಎಂದು ಹೇಳಿ ಎದ್ದುಹೋಗುತ್ತದೆ. ಆ ಕಾಫಿ ಯಾಕೆ, ಬೂಟು ಯಾಕೆ, ಮಂಗಳವಾರ ಯಾಕೆ ಅನ್ನುವುದಕ್ಕೆ ಕಾರಣವನ್ನೇ ಕೊಡುವುದಿಲ್ಲ. ದೆವ್ವದ ಟ್ವಿಸ್ಟ್ ಕಾರಣ ಕೊಡುತ್ತದೆ, ಆದರೆ ದೆವ್ವ ಕಾಫಿ ಕುಡಿದಿದ್ದು ಹೇಗೆ, ಕ್ಯಾಶಿಯರ್ ಕಣ್ಣಿಗೆ ದಿನಾ ಬಿದ್ದಿದ್ದು ಹೇಗೆ ಅಂತ ಹತ್ತು ಹೊಸ ಪ್ರಶ್ನೆ ಎಬ್ಬಿಸುತ್ತದೆ. ಪೊಲೀಸ್ ಟ್ವಿಸ್ಟ್ ಹಾಗಲ್ಲ, ಹಳೆಯ ಊಹೆಗಿಂತ ಜಾಸ್ತಿ ಸಂಗತಿಗಳನ್ನು ವಿವರಿಸುತ್ತದೆ. ಹೆಂಡತಿ ತೀರಿಹೋದ ದುಃಖ ಆ ಬೂಟಿಗೆ ಯಾವ ಕಾರಣವನ್ನೂ ಕೊಡುತ್ತಿರಲಿಲ್ಲ, ಅಲ್ವಾ?

ಇನ್ನೊಂದು ವಿಷಯ. ಹೆಂಡತಿ ಸತ್ತಿದ್ದಾಳೆ ಎಂದು ಕತೆ ಎಲ್ಲಿ ಹೇಳಿತು? ಹೇಳಿದ್ದು ಕ್ಯಾಶಿಯರ್. ಅವನಿಗೂ ಗೊತ್ತಿರಲಿಲ್ಲ, ಅಂದಾಜಿನ ಮೇಲೆ ಹೇಳಿದ. ಒಂದು ಮಾತು ನೆನಪಿನಲ್ಲಿ ಉಳಿದರೂ ಅದನ್ನು ಹೇಳಿದವರು ಯಾರು ಅನ್ನುವುದು ಬೇಗ ಅಳಿಸಿಹೋಗುತ್ತದೆ. ಗಾಳಿಸುದ್ದಿ ಹಬ್ಬುವುದಕ್ಕೂ ಇದೇ ದೌರ್ಬಲ್ಯ ನೆರವಾಗುತ್ತದೆ. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ವೆರಾ ಟೋಬಿನ್, ಕತೆಗಳಲ್ಲಿನ ಅಚ್ಚರಿಯ ಬಗ್ಗೆಯೇ 2018ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಒಳ್ಳೆಯ ಟ್ವಿಸ್ಟ್‌ಗಳು ನಮ್ಮ ಯೋಚನೆಯ ಇಂಥ ಎಡವಟ್ಟುಗಳ ಮೇಲೇ ನಿಂತಿರುತ್ತವೆ ಅನ್ನುವುದು ಅವರ ವಾದ. ನನಗಂತೂ ಇದು ಪೂರ್ತಿ ಒಪ್ಪಿಗೆ. ಪಾತ್ರ ತಪ್ಪು ತಿಳಿದುಕೊಂಡು ಹೇಳಿದ್ದನ್ನು ನಾವು ನಂಬಿ ಮೋಸಹೋದರೆ ಲೇಖಕರಿಗೊಂದು ಶಭಾಷ್ ಹೇಳುತ್ತೇವೆ. ಕತೆ ಹೇಳುವ ದನಿಯೇ ನೇರವಾಗಿ ಸುಳ್ಳು ಹೇಳಿದ್ದರೆ ಪುಸ್ತಕ ಎಸೆಯಬೇಕು ಅನ್ನಿಸುತ್ತದೆ.

ಟ್ವಿಸ್ಟ್ ಆದಮೇಲೆ ಮಿದುಳು ಇನ್ನೊಂದು ಉಪಕಾರ ಮಾಡುತ್ತದೆ. 1975ರಲ್ಲಿ ಬರೂಕ್ ಫಿಶ್‌ಹಾಫ್ 1814ರ ಬ್ರಿಟಿಷ್–ಗೂರ್ಖಾ ಯುದ್ಧದ ಬಗ್ಗೆ ಒಂದು ಟಿಪ್ಪಣಿಯನ್ನು ಜನರಿಗೆ ಓದಿಸಿದರು. ಬ್ರಿಟಿಷರು ಗೆದ್ದರು ಎಂದು ಕೆಲವರಿಗೆ, ಗೂರ್ಖಾಗಳು ಗೆದ್ದರು ಎಂದು ಇನ್ನು ಕೆಲವರಿಗೆ ಹೇಳಿದರು. ಯಾರಿಗೆ ಯಾವ ಫಲಿತಾಂಶ ಹೇಳಿದ್ದರೋ ಅವರಿಗೆ ಅದೇ ಆಗುವ ಸಾಧ್ಯತೆ ಹೆಚ್ಚಿತ್ತು ಅನ್ನಿಸಿತು. ಕೊನೆ ತಿಳಿದ ಕೂಡಲೇ ಹಿಂದಿನದೆಲ್ಲ ಅದರ ಕಡೆಗೇ ಸಾಗುತ್ತಿದ್ದಂತೆ ಕಾಣುತ್ತದೆ. "ಛೇ, ಬೂಟು ನೋಡಿದಾಗಲೇ ಗೊತ್ತಾಗಬೇಕಿತ್ತು" ಅನ್ನಿಸುವುದು ಇದರಿಂದಲೇ. ನಿಜ ಹೇಳಬೇಕೆಂದರೆ ಗೊತ್ತಾಗುವಷ್ಟು ಸುಳಿವು ಅಲ್ಲಿರಲಿಲ್ಲ. ಆದರೆ ಆ ಖುಷಿ ಸಿಗಬೇಕಾದರೆ ಹಿಂದೆ ತಿರುಗಿದಾಗ ಕೈಗೆ ಸಿಗುವಂಥದ್ದು ಏನಾದರೂ ಇರಲೇಬೇಕು.

ಸ್ಪಾಯ್ಲರ್ ಬಗ್ಗೆ ಜಗಳ ಇದ್ದದ್ದೇ, ಹಾಗಾಗಿ ಅದನ್ನೂ ಹೇಳಿಬಿಡುತ್ತೇನೆ. 2011ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಜೊನಾಥನ್ ಲೆವಿಟ್ ಮತ್ತು ನಿಕೋಲಸ್ ಕ್ರಿಸ್ಟೆನ್‌ಫೆಲ್ಡ್ 12 ಸಣ್ಣಕತೆಗಳನ್ನು ಓದಿಸಿ ನೋಡಿದಾಗ, ಕೊನೆ ಮೊದಲೇ ಗೊತ್ತಿದ್ದವರು ಕತೆಯನ್ನು ತುಸು ಜಾಸ್ತಿಯೇ ಮೆಚ್ಚಿದ್ದರು. 2015ರಲ್ಲಿ ಬೆಂಜಮಿನ್ ಜಾನ್ಸನ್ ಮತ್ತು ಜುಡಿತ್ ರೋಸೆನ್‌ಬಾಮ್ ಮಾಡಿದ ಅಧ್ಯಯನದಲ್ಲಿ, ಕೊನೆ ಗೊತ್ತಿಲ್ಲದ ಕತೆಗಳೇ ಹೆಚ್ಚು ಮಜಾ ಕೊಟ್ಟವು. ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಅಲ್ಲಿಯವರೆಗೆ ಕೆ.ಜಿ. ರಸ್ತೆಯ ಥಿಯೇಟರಿನಿಂದ ಹೊರಬರುವವರು ಒಳಗೆ ಹೋಗುವವರ ಎದುರು ಕೊಲೆಗಾರನ ಹೆಸರು ಹೇಳದಿರುವುದೇ ಒಳ್ಳೆಯದು.

ನಮ್ಮ ಸಿನಿಮಾಗಳಲ್ಲಿ ಇಂಟರ್ವಲ್‌ಗೊಂದು ಟ್ವಿಸ್ಟ್, ಕ್ಲೈಮ್ಯಾಕ್ಸ್‌ಗೊಂದು ಟ್ವಿಸ್ಟ್ ಬೇಕೇ ಬೇಕು ಅನ್ನುವ ಲೆಕ್ಕಾಚಾರ ಇದೆ. ಇಂಟರ್ವಲ್ ಟ್ವಿಸ್ಟ್ ನನಗೆ ಇಷ್ಟ. ಅದು ಪ್ರಶ್ನೆ ಎಬ್ಬಿಸಿದರೆ ಸಾಕು, ಉತ್ತರಕ್ಕೆ ಇನ್ನೂ ಒಂದು ಗಂಟೆ ಇದೆ. ಪಾಪ್‌ಕಾರ್ನ್ ಸಾಲಿನಲ್ಲಿ ನಿಂತು ಗುರುತಿಲ್ಲದವರ ಜೊತೆಗೂ ಊಹೆ ಹೇಳಿಕೊಳ್ಳಬಹುದು. ಧಾರಾವಾಹಿಗಳಲ್ಲಿ ಸತ್ತವರು ಎದ್ದು ಬರುವುದು ಬೇರೆ ಮಾತು. ಸತ್ತಾಗ ಮನೆಮಂದಿಯೆಲ್ಲ ಕೂತು ಅತ್ತಿರುತ್ತಾರೆ, ಆ ಅಳು ನಿಜವಾದದ್ದು. ಅದನ್ನು ಯಾವ ಕಾರಣವನ್ನೂ ಕೊಡದೆ ರದ್ದು ಮಾಡಿದರೆ, ಮುಂದಿನ ಸಾವಿಗೆ ಯಾರೂ ಅಳುವುದಿಲ್ಲ.

ಬರೆಯುವವರ ಕಷ್ಟವೂ ದೊಡ್ಡದೇ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್, ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಲ್ಲಿ ತಟ್ಟಿಸಿ, ಎದುರಿದ್ದವರಿಗೆ ಹಾಡು ಯಾವುದು ಹೇಳಿ ಎಂದರು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಅಂತ ತಟ್ಟುವವರು ನಂಬಿದ್ದರು. 120ರಲ್ಲಿ ಗುರುತಾದದ್ದು ಮೂರೇ ಮೂರು. ತಟ್ಟುವವರಿಗೆ ತಲೆಯೊಳಗೆ ಪೂರ್ತಿ ಹಾಡು ಕೇಳುತ್ತಿರುತ್ತದೆ, ಎದುರಿನವರಿಗೆ ಬರೀ ಟಕ್ ಟಕ್. ಕತೆಯ ಕೊನೆ ಗೊತ್ತಿರುವ ಲೇಖಕರ ಸ್ಥಿತಿಯೂ ಇದೇ. ಬೂಟಿನ ಸುಳಿವು ತೀರಾ ಎದ್ದು ಕಾಣುತ್ತಿದೆಯಾ, ಯಾರ ಕಣ್ಣಿಗೂ ಬೀಳುವುದೇ ಇಲ್ವಾ ಅನ್ನುವುದು ಅವರಿಗೆ ತಿಳಿಯುವುದೇ ಇಲ್ಲ.

ಇದಕ್ಕೆ ನನಗೆ ಕಾಣುವ ದಾರಿ ಒಂದೇ. ಕತೆಯ ಬಗ್ಗೆ ಏನೂ ಕೇಳಿರದ ಒಬ್ಬರನ್ನು ಹಿಡಿದು ಕರಡನ್ನು ಓದಿಸಬೇಕು. ಟ್ವಿಸ್ಟಿನ ಹಿಂದಿನ ಪುಟದಲ್ಲಿ ನಿಲ್ಲಿಸಿ, ಈಗ ಏನು ಅಂದುಕೊಂಡಿದ್ದೀರಿ, ಯಾಕೆ ಹಾಗೆ ಅಂದುಕೊಂಡಿರಿ ಎಂದು ಕೇಳಬೇಕು. ಆಮೇಲೆ ಮುಂದಿನ ಪುಟ ಕೊಟ್ಟು ಸುಮ್ಮನಿರಬೇಕು. ಅವರು ತಾವಾಗಿಯೇ ಹಿಂದಿನ ಪುಟಗಳನ್ನು ತಿರುವಿ ಹುಡುಕತೊಡಗಿದರೆ ಟ್ವಿಸ್ಟ್ ಕೆಲಸ ಮಾಡಿದೆ ಎಂದರ್ಥ. ಸುಮ್ಮನೆ ನಿಮ್ಮ ಮುಖ ನೋಡಿದರೆ ತಿದ್ದಬೇಕು, ಮತ್ತು ತಿದ್ದಿದ ಕರಡಿಗೆ ಬೇರೆಯದೇ ಓದುಗರನ್ನು ಹುಡುಕಬೇಕು. ಮೊದಲನೆಯವರಿಗೆ ರಾಯರು ಪೊಲೀಸ್ ಅನ್ನುವುದು ಈಗಾಗಲೇ ಗೊತ್ತಾಗಿಬಿಟ್ಟಿದೆ.