ಪದ ಪರಿಚಯ: ಕೋಲ್ಟರ್ ತತ್ತ್ವ

ರಕ್ತಪರೀಕ್ಷೆಯ ವರದಿಯಲ್ಲಿ ಪ್ಲೇಟ್‌ಲೆಟ್ ಇಷ್ಟು ಲಕ್ಷ, ಕೆಂಪು ಕಣ ಇಷ್ಟು ಮಿಲಿಯನ್ ಎಂದು ಅಚ್ಚಾಗಿ ಬರುತ್ತದಲ್ಲ, ಬಹುತೇಕ ಲ್ಯಾಬ್‌ಗಳಲ್ಲಿ ಆ ಎಣಿಕೆ ನಡೆಯುವುದು ಕೋಲ್ಟರ್ ತತ್ತ್ವದ ಮೇಲೆ. ಕಿವಿಗೆ 'ಕೌಂಟರ್' ಎಂದು ಕೇಳಿಸಿದರೂ ಇದು ವ್ಯಕ್ತಿಯ ಹೆಸರು. ಶಿಕಾಗೋದಲ್ಲಿ 1940ರ ದಶಕದ ಕೊನೆಗೆ ಇದನ್ನು ಕಂಡುಕೊಂಡವರು ವ್ಯಾಲೇಸ್ ಕೋಲ್ಟರ್. ಪೇಟೆಂಟ್ ಸಿಕ್ಕಿದ್ದು 1953ರಲ್ಲಿ.

ಹುರುಳು ಇಷ್ಟೆ: ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ರಕ್ತಕಣದ ಪೊರೆ ಅದನ್ನು ಹರಿಯಗೊಡುವುದಿಲ್ಲ. ಕಣವೊಂದು ಕಿರಿದಾದ ರಂಧ್ರದಲ್ಲಿ ನುಸುಳುವಾಗ ತನ್ನ ಘನಗಾತ್ರದಷ್ಟು ಉಪ್ಪುನೀರನ್ನು ಅಲ್ಲಿಂದ ತಳ್ಳುತ್ತದೆ. ಆ ಕ್ಷಣ ರಂಧ್ರದ ರೋಧ ಏರಿ ವೋಲ್ಟೇಜಿನಲ್ಲಿ ಒಂದು ಮಿಡಿತ ಕಾಣುತ್ತದೆ. ಮಿಡಿತಗಳ ಸಂಖ್ಯೆ ಕಣಗಳ ಸಂಖ್ಯೆ. ಮಿಡಿತದ ಎತ್ತರ ಕಣದ ಘನಗಾತ್ರ; ವ್ಯಾಸ ಅಲ್ಲ. ವ್ಯಾಸ ಎರಡು ಪಟ್ಟಾದರೆ ಮಿಡಿತ ಎಂಟು ಪಟ್ಟಾಗುತ್ತದೆ.

ಹಳೆಯ ಮಾದರಿಯ ಯಂತ್ರದಲ್ಲಿ ಭಾಗಗಳು ಕೆಲವೇ. ಬೀಕರಿನಲ್ಲಿ ಶೇ 0.9ರ ಉಪ್ಪುನೀರು, ಅದರಲ್ಲಿ ಮುಳುಗಿದ ಗಾಜಿನ ಕೊಳವೆ, ಕೊಳವೆಯ ಗೋಡೆಯಲ್ಲಿ ಸುಮಾರು 100 ಮೈಕ್ರಾನಿನ ರಂಧ್ರ, ಒಳಗೊಂದು ಹೊರಗೊಂದು ಎಲೆಕ್ಟ್ರೋಡ್, ದ್ರವವನ್ನು ಎಳೆಯಲು ನಿರ್ವಾತ. ಎಳೆದದ್ದು ಎಷ್ಟು ಎಂದು ಅಳೆಯಲು ಪಾದರಸದ ಕಂಬ. ಕೋಲ್ಟರ್ ಮೊದಲು ರಂಧ್ರ ಮಾಡಿದ್ದು ಸಿಗರೇಟ್ ಪ್ಯಾಕಿನ ಸೆಲೋಫೇನ್ ಹಾಳೆಗೆ, ಕಾಯಿಸಿದ ಸೂಜಿಯಿಂದ. ರಂಧ್ರದ ವ್ಯಾಸದ ಶೇ 2ರಿಂದ 60ರಷ್ಟಿರುವ ಕಣಗಳಿಗೆ ಮಾತ್ರ ಅದು ಒದಗುತ್ತದೆ. ಇನ್ನೂ ಚಿಕ್ಕದರ ಮಿಡಿತ ವಿದ್ಯುತ್ತಿನ ಗದ್ದಲದಲ್ಲಿ ಮುಳುಗುತ್ತದೆ, ದೊಡ್ಡದು ಸಿಕ್ಕಿಕೊಳ್ಳುತ್ತದೆ.

ರಕ್ತವನ್ನು ತೆಳುಗೊಳಿಸದೆ ಇದ್ಯಾವುದೂ ನಡೆಯದು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪು ಕಣಗಳಿವೆ. 100 ಮೈಕ್ರಾನ್ ಅಗಲ, 75 ಮೈಕ್ರಾನ್ ಉದ್ದದ ರಂಧ್ರಕ್ಕೆ ಹಾಗೇ ಬಿಟ್ಟರೆ ಒಮ್ಮೆಗೆ ಮೂರು ಸಾವಿರದಷ್ಟು ಕಣಗಳು ಅದರೊಳಗಿರುತ್ತವೆ. 50,000 ಪಟ್ಟು ತೆಳುಗೊಳಿಸಿದಾಗ ಸರಾಸರಿ 0.06ಕ್ಕೆ ಇಳಿಯುತ್ತದೆ. ಆಗಲೂ ಎರಡು ಕಣ ಜೊತೆಯಾಗಿ ಬಂದು ಒಂದೇ ಎಂದು ಲೆಕ್ಕವಾಗುವುದುಂಟು, ಅದಕ್ಕೆ ತಿದ್ದುಪಡಿ ಸೇರಿಸುತ್ತಾರೆ. ಆದರೂ 500 ಮೈಕ್ರೋಲೀಟರ್ ಎಳೆದರೆ 50,000 ಕಣಗಳ ಎಣಿಕೆ ಸಿಗುತ್ತದೆ. ಆಕಸ್ಮಿಕ ಏರುಪೇರು ಶೇ 0.5ಕ್ಕಿಂತ ಕಡಿಮೆ. ಸೂಕ್ಷ್ಮದರ್ಶಕದಡಿ ಕಣ್ಣಿನಿಂದ 500 ಕಣ ಎಣಿಸಿದರೆ ಅದೇ ಏರುಪೇರು ಶೇ 4.5ರ ಆಸುಪಾಸು.

ಗಾಳಿಯ ಧೂಳಿಗೆ ಈ ತತ್ತ್ವ ಹೊಂದದು, ಗಾಳಿಯಲ್ಲಿ ಅಂಥ ವಿದ್ಯುತ್ ಹರಿವೇ ಇಲ್ಲವಲ್ಲ. ಅಲ್ಲಿ ಕಣ ಚದುರಿಸುವ ಬೆಳಕನ್ನು ಅಳೆಯುತ್ತಾರೆ. ಬೆಳಕಿಗೂ ಸಿಗದಷ್ಟು ಸಣ್ಣದಿದ್ದರೆ ಅದರ ಮೇಲೆ ಆವಿಯನ್ನು ಹನಿಗಟ್ಟಿಸಿ ದೊಡ್ಡದು ಮಾಡುತ್ತಾರೆ. ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ 19ನೇ ಶತಮಾನದ ಕೊನೆಯಲ್ಲೇ ತೋರಿಸಿದ ದಾರಿ ಅದು.

ಯಂತ್ರ ಕಣವನ್ನು ನೋಡುವುದಿಲ್ಲ ಎನ್ನುವುದನ್ನು ಮರೆತರೆ ಅದರ ತಪ್ಪುಗಳು ಅರ್ಥವಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಘನಗಾತ್ರ ಒಂದೇ. ಗಾಳಿಗುಳ್ಳೆಯೂ ಕಣ, ದ್ರಾವಣದ ಧೂಳೂ ಕಣ. ಅದಕ್ಕೇ ರಕ್ತ ಹಾಕುವ ಮುನ್ನ ಬರೀ ದ್ರಾವಣ ಓಡಿಸಿ ನೋಡುವುದು. ಗೊತ್ತಾದ ಪ್ರಮಾಣದ ದ್ರವ ಎಳೆಯಲು ಎಂದಿಗಿಂತ ಹೆಚ್ಚು ಹೊತ್ತಾದರೆ ರಂಧ್ರ ಅರೆಕಟ್ಟಿದೆ ಎಂದರ್ಥ. ಕೆಲವರ ರಕ್ತದಲ್ಲಿ ತಂಪಿಗೆ ಕೆಂಪು ಕಣಗಳು ಅಂಟಿಕೊಳ್ಳುತ್ತವೆ. ಆಗ ಎಣಿಕೆ ಕುಸಿದು ಸರಾಸರಿ ಗಾತ್ರ ವಿಪರೀತ ಏರುತ್ತದೆ. ಮಾದರಿಯನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ ಮತ್ತೆ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಡೆಂಗಿ ಸಮಯದಲ್ಲಿ ನೆನಪಿಡಬೇಕಾದದ್ದು ಪ್ಲೇಟ್‌ಲೆಟ್ ಗುಂಪು. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಹಾಕಿದ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಮುದ್ದೆಗಟ್ಟುತ್ತವೆ. ಮುದ್ದೆ ಪ್ಲೇಟ್‌ಲೆಟ್ ಗಾತ್ರದ ಮಿತಿ ದಾಟಿದ್ದರಿಂದ ಯಂತ್ರ ಅದನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ, ವರದಿಯಲ್ಲಿ ಇಲ್ಲದ ಕೊರತೆ ಕಾಣುತ್ತದೆ. ರಕ್ತಸ್ರಾವದ ಲಕ್ಷಣವೇ ಇಲ್ಲದೆ ಸಂಖ್ಯೆ ತೀರಾ ಕಡಿಮೆ ಬಂದರೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮುದ್ದೆ ಕಂಡರೆ ಸಿಟ್ರೇಟ್ ಎಂಬ ಇನ್ನೊಂದು ಹೆಪ್ಪುತಡೆಯ ಟ್ಯೂಬಿನಲ್ಲಿ ಹೊಸದಾಗಿ ರಕ್ತ ತೆಗೆದು, ಬಂದ ಎಣಿಕೆಯನ್ನು 1.1ರಿಂದ ಗುಣಿಸುತ್ತಾರೆ. ಆ ಟ್ಯೂಬಿನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ದ್ರವ ಮೊದಲೇ ಇರುತ್ತದೆ.